ಎಷ್ಟು ಬಿಗಿದು ಕಟ್ಟಬೇಕು

ಕನ್ನಡದಾಗ ಕಟ್ಟು ಅನ್ನೋ ಮಾತಿನಷ್ಟು ದುಡಿಯೋ ಮಾತು ಇನ್ನೊಂದು ಸಿಗೋದು ಕಷ್ಟ. ದನ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಹೊಲಕ್ಕೆ ಒಡ್ಡು ಕಟ್ಟುತ್ತೇವೆ, ಮನಿ ಕಟ್ಟುತ್ತೇವೆ. ಲಗ್ನದಾಗ ತಾಳಿ ಕಟ್ಟುತ್ತಾರೆ. ಸಾಲ ಮಾಡಿದವ ಕಂತು ಕಟ್ಟುತ್ತಾನೆ. ನಮ್ಮಂಥ ಹಾಡೋ ಮಂದಿ ಪದ ಕಟ್ಟುತ್ತೇವೆ. ಸೊನ್ನಲಿಗೆಯ ಸಿದ್ಧರಾಮ ಕೆರಿ ಕಟ್ಟಿದ ಅಂತ ಇವತ್ತಿಗೂ ಸೋಲಾಪುರದ ಮಂದಿ ಹೇಳ್ತಾರ. ಮಾತಿಗೆ ಕಟ್ಟುಬಿದ್ದ ಮನುಷ್ಯ ಅಂತ ಒಬ್ಬನನ್ನು ಹೊಗಳುತ್ತೇವೆ, ಕಟ್ಟುಪಾಡು ಬಹಳ ಆಯ್ತು ಅಂತ ಮತ್ತೊಂದು ಮನಿಯನ್ನು ಬೈಯುತ್ತೇವೆ. ಮಾತು ಒಂದೇ, ಹೊಗಳಿಕೆಗೂ ಅದೇ, ಬೈಗುಳಕ್ಕೂ ಅದೇ.

ಹಂಗಾದರ ಕಟ್ಟೋದರಾಗ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು? ಎಷ್ಟು ಬಿಗಿದರ ಸಾಕು? ಯಾರ ಸಲುವಾಗಿ ಬಿಗೀಬೇಕು? ಈ ಪ್ರಶ್ನೆ ದೊಡ್ಡವರ ಪುಸ್ತಕದಾಗ ಹ್ಯಾಂಗ ಬಂದದೋ ಗೊತ್ತಿಲ್ಲ. ನನಗ ಅದು ಬಂದದ್ದು ಒಂದು ಪಿಕಪ್ ಗಾಡಿಯ ಹಿಂಭಾಗದಾಗ, ಒಂದು ಮೋಟಾರ್‌ಸೈಕಲ್ ಕಟ್ಟುವಾಗ. ಸಣ್ಣ ಕೆಲಸ ಅಂತ ನಗಬ್ಯಾಡ್ರಿ. ಸಣ್ಣ ಕೆಲಸದಾಗ ಮನುಷ್ಯ ಬೇಗ ಕಾಣ್ತಾನ.

ಚಿಂಚೋಳಿ ಎಂಐಡಿಸಿ ಸೋಲಾಪುರದಿಂದ ಪುಣೆಯ ಹಾದಿ ಹಿಡಿದರ ಸಿಗ್ತದ. ಎಂಐಡಿಸಿ ಅನ್ನೋದು ಮಹಾರಾಷ್ಟ್ರದಾಗ 1962ರಲ್ಲಿ ಶುರುವಾದ ಸಂಸ್ಥೆ. ಕಾರಖಾನೆಗಳಿಗೆ ಜಾಗ, ರಸ್ತೆ, ನೀರು ಒದಗಿಸೋದು ಅದರ ಕೆಲಸ. ನಮ್ಮ ಅಕ್ಕಲಕೋಟ ತಾಲೂಕಿನ ಹುಡುಗರು ಅಲ್ಲಿ ದುಡಿಯಲಿಕ್ಕೆ ಹೋಗ್ತಾರ. ನಾಲ್ಕು ಮಂದಿ ಕೂಡಿ ಒಂದು ಖೋಲಿ ಹಿಡೀತಾರ. ಪಾಳಿ ಬದಲಾಗ್ತದ, ಕೆಲಸ ಬದಲಾಗ್ತದ, ಖೋಲಿ ಬದಲಾಗ್ತದ. ಹಂಗ ಬದಲಾದಾಗೆಲ್ಲ ಒಂದು ಪಿಕಪ್ಪೋ ಛೋಟಾ ಹಾಥಿಯೋ ತರಿಸಿ, ಹಾಸಿಗೆ, ಭಾಂಡೆ, ಗ್ಯಾಸಿನ ಶೇಗಡಿ, ಅದರ ಜೋಡಿ ಮೋಟಾರ್‌ಸೈಕಲ್ ಹೇರಿಕೊಂಡು ಹೊಂಡ್ತಾರ. ದುಡಿಯೋ ಹುಡುಗನ ಸಂಸಾರದಾಗ ಎಲ್ಲಕ್ಕಿಂತ ಹೆಚ್ಚಿನ ಬೆಲೆಯ ವಸ್ತು ಅದೇ ಮೋಟಾರ್‌ಸೈಕಲ್. ಊರಿಗೆ ಬರಲಿಕ್ಕೂ ಅದೇ, ಪಾಳಿಗೆ ಹೋಗಲಿಕ್ಕೂ ಅದೇ, ಮುಂದ ಕನ್ಯಾ ನೋಡಲಿಕ್ಕೂ ಅದೇ.

ನಮ್ಮ ಓಣಿಯ ಒಬ್ಬ ಹುಡುಗ ಬಲಗೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಒಂದೆರಡು ತಿಂಗಳು ಊರಾಗ ಇರೋದು ಅಂತಾಯ್ತು. ಗಾಡಿ ಹೊಡೆಯಲಿಕ್ಕೆ ಬರೂದಿಲ್ಲ, ಖೋಲಿಯ ಮುಂದ ಬಿಟ್ಟು ಬರಲಿಕ್ಕೂ ಧೈರ್ಯ ಇಲ್ಲ. ಅವರಪ್ಪ ನನ್ನ ವಾರಿಗೆಯವ. ನಾವಿಬ್ಬರೂ ಹೋಗಿ ಹುಡುಗನನ್ನೂ ಸಾಮಾನನ್ನೂ ತರೋದು ಅಂತ ಹೊಂಟಿವಿ. ಪಿಕಪ್ ಡ್ರೈವರ್ ಸೋಲಾಪುರದವ, ನಡುವಯಸ್ಸಿನವ, ಮರಾಠಿಯೊಳಗ ಬೈದು ಕನ್ನಡದೊಳಗ ನಗುವಂಥ ಮನುಷ್ಯ.

ಅವ ಮೊದಲ ಪಿಕಪ್ಪನ್ನು ಒಂದು ದಿಬ್ಬಕ್ಕೆ ಹಿಮ್ಮುಖ ಹಚ್ಚಿದ. ದಿಬ್ಬದ ಎತ್ತರ, ಗಾಡಿಯ ಹಿಂಭಾಗದ ಎತ್ತರ ಸರಿಸಮ ಆಯ್ತು. ನಡುವ ಹಲಗಿ ಇಟ್ಟು ಮೋಟಾರ್‌ಸೈಕಲ್ ನೂಕಿದೆವು. ಎತ್ತುವ ತ್ರಾಸ ಇಲ್ಲ. ಇಂಥ ಗಾಡಿ ಒಂದು ಕ್ವಿಂಟಾಲಿಗಿಂತ ಸ್ವಲ್ಪ ಹೆಚ್ಚು ತೂಗ್ತದ, ಜೋಳದ ತುಂಬು ಚೀಲ ಇದ್ದಂಗ. ಆದರ ಚೀಲ ಹ್ಯಾಂಗ ಒಗೆದರೂ ಕೂಡ್ತದ, ಗಾಡಿ ಕೂಡೂದಿಲ್ಲ. ಎರಡು ಗಾಲಿ ಮ್ಯಾಲ ನಿಂತದ್ದು ತಾನಾಗಿ ನಿಂದ್ರೂದಿಲ್ಲ.

ಮುಂದಿನ ಗಾಲಿಯನ್ನು ಕ್ಯಾಬಿನ್ನಿನ ಹಿಂದಿನ ತಗಡಿಗೆ ತಾಗಿಸಿದ, ನಡುವ ಮಡಚಿದ ಗೋಣಿತಟ್ಟು ಇಟ್ಟ. ಯಾಕಂದರ ಬ್ರೇಕ್ ಹಾಕಿದಾಗ ಪಿಕಪ್ ನಿಂದ್ರತದ, ಒಳಗಿನ ಸಾಮಾನು ಮುಂದಕ್ಕೆ ಹೋಗಲಿಕ್ಕೆ ನೋಡ್ತದ. ಮೊದಲೇ ಮುಂದ ತಾಗಿದ್ದಕ್ಕೆ ಹೋಗಲಿಕ್ಕೆ ಜಾಗ ಇರೂದಿಲ್ಲ. ಕನ್ನಡಿ ಬಿಚ್ಚಿದ, ಪೆಟ್ರೋಲಿನ ತೋಟಿ ಬಂದ್ ಮಾಡಿದ, ಗೇರ್ ಹಾಕಿಟ್ಟ. ಆಮ್ಯಾಲ ಎರಡು ಪಟ್ಟಾ ತಗದ. ಕಟ್ ಕಟ್ ಅಂತ ಹಲ್ಲು ಏರಿ ಬಿಗಿಯಾಗೋ ಪಟ್ಟಾ. ಹ್ಯಾಂಡಲ್ ಕೂಡೋ ಜಾಗದ ಕೆಳಗಿನ ಗಟ್ಟಿ ಕಬ್ಬಿಣಕ್ಕ ಒಂದು ಎಡಕ್ಕ, ಒಂದು ಬಲಕ್ಕ ಹಾಕಿ, ಪಿಕಪ್ಪಿನ ಮುಂದಿನ ಎರಡು ಮೂಲಿಯ ಕೊಂಡಿಗೆ ಸಿಗಿಸಿದ. ಬಣ್ಣ ತಿಕ್ಕಬಾರದು ಅಂತ ಹಳೇ ಧೋತರದ ಚೂರು ಸುತ್ತಿದ. ಎಡದ್ದು ನಾಲ್ಕು ಹಲ್ಲು, ಬಲದ್ದು ನಾಲ್ಕು ಹಲ್ಲು, ಮತ್ತ ಎಡದ್ದು ಎರಡು, ಬಲದ್ದು ಎರಡು. ಹಂಗ ಎಳೆದಂತೆಲ್ಲ ಮುಂದಿನ ಶಾಕಪ್ ಕೆಳಗ ಕುಂದ್ರುತ್ತ ಬಂತು. ಅರ್ಧಕ್ಕ ಬಂದಾಗ ನಿಲ್ಲಿಸಿದ.

ಇಲ್ಲಿಂದ ಮಾತು ಶುರುವಾಯ್ತು.

ಹುಡುಗನ ಅಪ್ಪ ಅಂದ, "ಇನ್ನೂ ಬಿಗಿರಿ. ಪೂರಾ ಕೂಡಸ್ರಿ. ಅಲುಗಾಡಬಾರದು."

ಡ್ರೈವರ್ ಅಂದ, "ಬ್ಯಾಡ್ರಿ ಮಾಲಕರ. ಪೂರಾ ಕೂಡಿಸಿದರ ಶಾಕಪ್ಪಿನ ಆಯಿಲ್ ಸೀಲ್ ಮ್ಯಾಲ ಹೊರೆ ಬೀಳ್ತದ. ಊರಿಗೆ ಹೋಗಿ ಇಳಿಸಿದ ಮ್ಯಾಲ ಎಣ್ಣಿ ಸೋರಿದರ ನನ್ನ ಹೆಸರು ಹೇಳ್ತೀರಿ. ರಸ್ತೆಯೊಳಗ ಗುಂಡಿ ಬಂದಾಗ ಅದು ಸ್ವಲ್ಪ ಉಸಿರಾಡಬೇಕು."

ಹುಡುಗ ಹೊರಗ ನಿಂತು ಬ್ಯಾಸರ ಮಾಡಿಕೊಂಡಿದ್ದ. "ಅಷ್ಟೆಲ್ಲ ಯಾಕ ಕಾಕಾ, ಸೈಡ್ ಸ್ಟ್ಯಾಂಡ್ ಹಚ್ಚಿ ಒಂದು ಹಗ್ಗ ಹಾಕ್ರಿ ಸಾಕು. ನಂದೇ ಗಾಡಿ, ಬಿದ್ದರ ನಂದೇ ಬೀಳ್ತದ."

ಡ್ರೈವರ್ ಅದಕ್ಕ ತಿರುಗಿ, "ಗಾಡಿ ನಿಂದು, ರಸ್ತೆ ನಿಂದಲ್ಲ ತಮ್ಮಾ" ಅಂದು ಹಿಂದಿನ ಪಟ್ಟಾ ತಗದ.

ಮೂರು ಮಂದಿ, ಮೂರು ಮಾತು. ಮೂರೂ ಮಾತು ನಾವು ದಿನಾ ಆಡೋವೇ. ಒಂದೊಂದಾಗಿ ನೋಡೋಣ.

ಅಪ್ಪನ ಮಾತು ಪ್ರೀತಿಯಿಂದ ಬಂದದ್ದು ಅಂತ ಅನ್ನಿಸ್ತದ. ಮಗನ ವಸ್ತು, ಹಾಳಾಗಬಾರದು. ಆದರ ಬಿಗಿತ ಹೆಚ್ಚಾದಷ್ಟೂ ವಸ್ತು ಸುರಕ್ಷಿತ ಅನ್ನೋದು ಖರೆ ಅಲ್ಲ. ಒಂದು ಹದದ ತನಕ ಬಿಗಿತ ವಸ್ತುವನ್ನು ಕಾಯ್ತದ, ಆ ಹದ ದಾಟಿದ ಮ್ಯಾಲ ಬಿಗಿತವೇ ವಸ್ತುವನ್ನು ಮುರೀತದ. ಹದ ದಾಟಿ ಬಿಗಿಯೋ ಕೈ ಯಾರ ಸಲುವಾಗಿ ಬಿಗೀತದ? ಗಾಡಿಯ ಸಲುವಾಗಿ ಅಲ್ಲ, ತನ್ನ ಎದಿಯೊಳಗಿನ ಅಂಜಿಕೆಯ ಸಲುವಾಗಿ. ಎಳಿಕರಕ್ಕ ಗಿಡ್ಡ ಕಣ್ಣಿ ಹಾಕಿ ಗೂಟಕ್ಕ ಕಟ್ಟಿದವನೂ ಹಿಂಗೇ ಅಂತಾನ, ಅದರ ಒಳ್ಳೇದಕ್ಕ ಅಂತ. ಹುಲ್ಲು ಒಂದು ಮೊಳ ದೂರ ಇರ್ತದ, ಕರಕ್ಕ ಎಟುಕೂದಿಲ್ಲ. ಕಟ್ಟಿದವ ನಿಶ್ಚಿಂತಿಯಿಂದ ಮಲಗ್ತಾನ. ಮನಿಯೊಳಗ ಹೆಣ್ಣುಮಕ್ಕಳನ್ನು ಹಿಂಗ ಕಟ್ಟಿದ್ದು ನೋಡೀವಿ. ಕಾಲೇಜಿಗೆ ಕಳಿಸಿದರ ಕೆಡ್ತಾಳ ಅಂತ ಏಳನೇತ್ತೆಗೇ ಬಿಡಿಸಿದ ಅಪ್ಪಂದಿರು ಪ್ರೀತಿ ಇಲ್ಲದವರೇನಲ್ಲ. ಆದರ ಅವರು ಕಟ್ಟಿದ್ದು ಮಗಳನ್ನ, ಕಾಯ್ದದ್ದು ತಮ್ಮ ಅಂಜಿಕೆಯನ್ನ.

ಆದ್ದರಿಂದ ಬಿಗಿಯುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು ಅನ್ನಿಸ್ತದ. ಇನ್ನೊಂದು ಹಲ್ಲು ಏರಿಸಿದರ ವಸ್ತುವಿಗೆ ಅನುಕೂಲವೋ, ನನ್ನ ನಿದ್ದಿಗೆ ಅನುಕೂಲವೋ?

ಬುದ್ಧನ ಒಂದು ಕಥಿ ನಮ್ಮ ಭಾಗದ ಬಹಳ ಮಂದಿಗೆ ಗೊತ್ತು. ಸೋಣ ಅನ್ನೋ ಭಿಕ್ಷು ನಡೆದು ನಡೆದು ಅಂಗಾಲು ಒಡೆಯೋ ತನಕ ಸಾಧನೆ ಮಾಡಿದ, ಫಲ ಕಾಣಲಿಲ್ಲ, ಬಿಟ್ಟು ಮನಿಗೆ ಹೋಗೋಣ ಅಂತ ವಿಚಾರ ಮಾಡಿದ. ಸೋಣ ಮೊದಲು ವೀಣೆ ನುಡಿಸುವವ. ಬುದ್ಧ ಅವನಿಗೆ ತಂತಿಯ ಮಾತು ಕೇಳಿದ. ಬಹಳ ಬಿಗಿದರ ನುಡೀತದೇನು, ಬಹಳ ಸಡಲ ಬಿಟ್ಟರ ನುಡೀತದೇನು ಅಂತ. ಏಕತಾರಿ ಹಿಡಿದವರಿಗೆ ಈ ಮಾತು ಕೈಯಿಂದಲೇ ತಿಳೀತದ.

ಆದರ ತಂತಿಯ ಮಾತು ಪಟ್ಟಾಕ್ಕ ಪೂರಾ ಹೊಂದೂದಿಲ್ಲ ಅಂತ ನನ್ನ ವಿಚಾರ. ತಂತಿ ಬಿಗಿಯುವವ ಅದರ ಬಾಜೂಕ ಕುಂತಿರ್ತಾನ. ಸ್ವರ ತಪ್ಪಿದರ ಕಿವಿ ಹೇಳ್ತದ, ಕೂಡಲೇ ಬಿರಟಿ ತಿರುಗಿಸ್ತಾನ. ಪಟ್ಟಾ ಬಿಗಿದವ ಮುಂದ ಕ್ಯಾಬಿನ್ನಿನಾಗ ಕುಂದ್ರತಾನ. ಹಿಂದ ಏನಾಯ್ತು ಅಂತ ಅವನಿಗೆ ಕೇಳೂದಿಲ್ಲ. ತಂತಿ ಹದ ತಪ್ಪಿದರ ಒಂದು ಪದ ಕೆಡ್ತದ, ಮತ್ತೊಂದು ಹಾಡಬಹುದು. ಪಟ್ಟಾ ಹದ ತಪ್ಪಿದರ ಕೆಡೋದು ಬ್ಯಾರೇಯವರ ವಸ್ತು, ಕೆಲವೊಮ್ಮೆ ಬ್ಯಾರೇಯವರ ಜೀವ.

ಸೋಲಾಪುರದ ಗಡ್ಡಾ ಜಾತ್ರಿ ನೋಡಿದವರಿಗೆ ನಂದೀಕೋಲಿನ ನೆನಪಿರ್ತದ. ಸಂಕ್ರಾಂತಿಯ ಹೊತ್ತಿಗೆ ಏಳು ನಂದೀಧ್ವಜ ಮೆರವಣಿಗೆ ಹೊಂಡ್ತಾವ. ಮೊದಲ ದಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ. ಮರಾಠಿ ಮಾತಾಡೋರೂ ಅದಕ್ಕ ನಮ್ಮ ಕನ್ನಡದ ಹೆಸರನ್ನೇ ಹೇಳ್ತಾರ. ಮರುದಿನ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ. ಅಷ್ಟು ಎತ್ತರದ ಕೋಲು, ಶೃಂಗಾರ ಮಾಡಿದ್ದು, ಒಬ್ಬ ಮನುಷ್ಯ ನಡುವಿಗೆ ಆನಿಸಿಕೊಂಡು ನೆಟ್ಟಗ ಹಿಡಿದು ನಡೀತಾನ. ಅದನ್ನ ಯಾವ ಕಂಬಕ್ಕೂ ಬಿಗಿದು ಕಟ್ಟಿರೂದಿಲ್ಲ. ಗಾಳಿ ಬಂದರ ಅವನ ನಡು ಬಾಗ್ತದ, ತೂಕ ವಾಲಿದತ್ತ ಕಾಲು ಹೋಗ್ತದ, ಬಾಜೂದವರು ಕೈ ಕೊಡ್ತಾರ. ಜೀವಂತ ಕೈ ಇದ್ದಲ್ಲಿ ಗಂಟು ಬೇಕಾಗೂದಿಲ್ಲ.

ಕೈ ಇಲ್ಲದಲ್ಲಿ ಗಂಟು ಬೇಕು. ಹಗ್ಗ ಅಂದರ ಅಲ್ಲಿ ಇಲ್ಲದವನ ಕೈ. ನಾನು ನಿನ್ನ ಜೋಡಿ ಹಿಂದ ಕುಂತು ಈ ಗಾಡಿ ಹಿಡಕೊಂಡಿರಲಿಕ್ಕೆ ಆಗೂದಿಲ್ಲ, ನನ್ನ ಬದಲಿ ಈ ಪಟ್ಟಾ ಹಿಡಕೊಂಡಿರ್ತದ ಅಂತ ಕೊಟ್ಟ ಮಾತು ಅದು. ಹಂಗ ನೋಡಿದರ ಗಂಟು ಹಾಕೋದು ಹಮಾಲಿ ಅಷ್ಟೇ ಅಲ್ಲ, ವಚನ ಕೊಡೋ ಕೆಲಸ.

ಈಗ ಹುಡುಗನ ಮಾತಿಗೆ ಬರೋಣ. ನಂದೇ ಗಾಡಿ, ಬಿದ್ದರ ನಂದೇ. ಕೇಳಲಿಕ್ಕೆ ಸರಳ ಅದ. ತನ್ನ ವಸ್ತುವನ್ನು ತಾನು ಹಾಳು ಮಾಡಿಕೊಂಡರ ಬ್ಯಾರೇಯವರಿಗೇನು? ಆದರ ಈ ಮಾತು ಎರಡು ಕಡೆ ಹರೀತದ.

ಮೊದಲನೇದು, ನಂದೇ ಅನ್ನೋದು ಎಷ್ಟು ನಂದು? ಆ ಗಾಡಿಯ ಕಂತು ಇನ್ನೂ ಮುಗಿದಿರಲಿಲ್ಲ. ಸಾಲದ ಗಾಡಿಯ ಆರ್‌ಸಿಯೊಳಗ ಮಾಲಕನ ಹೆಸರಿನ ಜೋಡಿ ಸಾಲ ಕೊಟ್ಟವರ ಹೆಸರೂ ಇರ್ತದ. ಅದಲ್ಲದ ಮೊದಲ ಹಣ ತುಂಬಲಿಕ್ಕೆ ಅವರವ್ವ ಎರಡು ಆಡು ಮಾರಿದ್ದು ಓಣಿಗೆಲ್ಲ ಗೊತ್ತು. ಹಂಗಾದರ ಬಿದ್ದರ ಯಾರದು ಬೀಳ್ತದ? ಅವ್ವನ ಆಡು ಬೀಳ್ತಾವ, ಸಾಲದ ಕಾಗದ ಬೀಳ್ತದ, ಹುಡುಗನ ಮುಂದಿನ ವರ್ಷದ ಪಗಾರ ಬೀಳ್ತದ. ಬಡವರ ಮನಿಯೊಳಗ ಒಬ್ಬನ ವಸ್ತು ಅಂತ ಇರೋದೇ ಇಲ್ಲ. ಒಂದು ವಸ್ತುವಿನಾಗ ಐದಾರು ಮಂದಿಯ ಬೆವರು ಇರ್ತದ. ಹೆಸರು ಮಾತ್ರ ಒಬ್ಬನದು.

ಎರಡನೇದು ಡ್ರೈವರ್ ಅಂದದ್ದು. ರಸ್ತೆ ನಿಂದಲ್ಲ. ಸೋಲಾಪುರದ ಸುತ್ತಿನ ಆ ಹೆದ್ದಾರಿಯೊಳಗ ಒಂದರ ಹಿಂದ ಒಂದು ಗಾಡಿ. ಹಿಂದ ಬರೋ ಮೋಟಾರ್‌ಸೈಕಲ್ ಮ್ಯಾಲ ಗಂಡ, ಹೆಂಡತಿ, ನಡುವ ಕೂಸು. ಮುಂದಿನ ಪಿಕಪ್ಪಿನಿಂದ ಒಂದು ಕ್ವಿಂಟಾಲಿನ ಕಬ್ಬಿಣ ಉರುಳಿದರ ಅವರಿಗೆ ತಪ್ಪಿಸಿಕೊಳ್ಳಲಿಕ್ಕೆ ಎಷ್ಟು ಹೊತ್ತು ಸಿಗ್ತದ? ಅವರಿಗೆ ನಿನ್ನ ಹೆಸರು ಗೊತ್ತಿಲ್ಲ, ನಿನಗ ಅವರ ಮುಖ ಗೊತ್ತಿಲ್ಲ. ಆದರ ನಿನ್ನ ಗಂಟಿನ ಮ್ಯಾಲ ಭರವಸಿ ಇಟ್ಟೇ ಅವರು ಹಿಂದ ಬರ್ತಾರ. ಯಾರೂ ಅವರನ್ನು ಕೇಳಿರೂದಿಲ್ಲ, ಈ ಭರವಸಿ ಇಡ್ತೀರೇನು ಅಂತ. ರಸ್ತೆಗೆ ಬಂದರ ಇಡಲೇಬೇಕು.

ಇದು ನನಗ ಬಹಳ ದೊಡ್ಡ ಮಾತು ಅನ್ನಿಸ್ತದ. ಪರಿಚಯದವರಿಗೆ ಕೊಟ್ಟ ಮಾತು ಉಳಿಸಿಕೊಳ್ಳೋದು ಅಷ್ಟು ಕಷ್ಟ ಅಲ್ಲ, ನಾಳೆ ಮುಖ ನೋಡೋದಿರ್ತದ. ಹೆಸರು ಗೊತ್ತಿಲ್ಲದವನಿಗೆ, ಕೊಟ್ಟೇವಿ ಅಂತ ಅವನಿಗೂ ಗೊತ್ತಿಲ್ಲದ ಮಾತು ಉಳಿಸಿಕೊಳ್ಳೋದು, ಅದು ಧರ್ಮ. ಬಾವಿಗೆ ಕಟ್ಟಿ ಕಟ್ಟಿದವ ರಾತ್ರಿ ಆ ಹಾದಿ ತುಳಿಯೋ ಮನುಷ್ಯ ಯಾರು ಅಂತ ಕೇಳಿ ಕಟ್ಟಿದನೇನು?

ಕಾಯಿದೆ ಇದರ ಬಗ್ಗೆ ಏನು ಹೇಳ್ತದ ಅಂತ ತಿಳಿದವರನ್ನು ಕೇಳಿದ್ದೆ. 1872ರ ಕರಾರು ಕಾಯಿದೆಯ 151ನೇ ಕಲಮಿನಾಗ ಅದ ಅಂತ. ಒಬ್ಬರ ವಸ್ತು ಇನ್ನೊಬ್ಬರ ವಶಕ್ಕ ಕೊಟ್ಟಾಗ, ವಶಕ್ಕ ತಗೊಂಡವ ಅದನ್ನು ಹ್ಯಾಂಗ ಕಾಯಬೇಕು ಅಂದರ, ಸಾಧಾರಣ ವಿವೇಕ ಇರೋ ಮನುಷ್ಯ ಅಂಥದ್ದೇ ಪರಿಸ್ಥಿತಿಯೊಳಗ ಅಂಥದ್ದೇ ತನ್ನ ಸ್ವಂತ ವಸ್ತುವನ್ನು ಹ್ಯಾಂಗ ಕಾಯ್ತಾನೋ ಹಂಗ. ಇದನ್ನ ಮಂದಿ ಗಿಡ್ಡ ಮಾಡಿ "ನಿನ್ನದರಂಗ ನೋಡಿಕೋ" ಅಂತ ಹೇಳ್ತಾರ. ಗಿಡ್ಡ ಮಾಡಿದಾಗ ಅರ್ಥ ಕೆಡ್ತದ. ಯಾಕಂದರ ನನ್ನದನ್ನು ನಾನು ಹ್ಯಾಂಗರೇ ನೋಡಿಕೋಬಹುದು. ನನ್ನ ಕುಡುಗೋಲು ಮಳಿಯೊಳಗ ಬಿದ್ದಿರಬಹುದು, ನನ್ನ ಸೈಕಲ್ಲಿಗೆ ಎಣ್ಣಿ ಕಾಣದೇ ವರ್ಷ ಆಗಿರಬಹುದು. ಹಂಗಂತ ನಿನ್ನ ಕುಡುಗೋಲನ್ನೂ ಮಳಿಗೆ ಒಗೆದು, ನನ್ನದರಂಗೇ ನೋಡಿಕೊಂಡೆ ಅಂದರ ಯಾರು ಒಪ್ಪತಾರ? ಕಾಯಿದೆ ಬರೆದವರು ಶ್ಯಾಣ್ಯಾರು. ಅವರು ನಿನ್ನ ರೂಢಿ ಹ್ಯಾಂಗದ ಅಂತ ಕೇಳಲಿಲ್ಲ, ವಿವೇಕ ಇದ್ದವ ಏನು ಮಾಡ್ತಿದ್ದ ಅಂತ ಕೇಳಿದರು.

ಇನ್ನೊಂದು ಹಳೇ ಕಾಯಿದೆಯೂ ಇತ್ತು, 1865ರದು, ಬಾಡಿಗೆ ತಗೊಂಡು ಎಲ್ಲರ ಸಾಮಾನು ಸಾಗಿಸೋರ ಬಗ್ಗೆ. ಅದರ ಜಾಗಕ್ಕ 2007ರಲ್ಲಿ ಹೊಸದು ಮಾಡಿದರು. ಹಳೇದರೊಳಗೇ ಒಂದು ಮಾತಿತ್ತು. ಸಾಮಾನು ಹಾಳಾದರ, ಸಾಗಿಸಿದವನ ಅಲಕ್ಷ್ಯದಿಂದಲೇ ಆಯ್ತು ಅಂತ ಮಾಲಕ ಸಿದ್ಧ ಮಾಡಿ ತೋರಿಸೋ ಗರಜಿಲ್ಲ ಅಂತ. ಮೊದಲ ಕೇಳಿದಾಗ ಇದು ಡ್ರೈವರ್ ಮಂದಿಗೆ ಅನ್ಯಾಯ ಅನ್ನಿಸ್ತು. ವಿಚಾರ ಮಾಡಿದಾಗ ತಿಳೀತು. ಮಾಲಕ ಹಾದಿಯೊಳಗ ಇರಲೇ ಇಲ್ಲ. ಗಂಟು ಎಲ್ಲಿ ಸಡಲಾಯ್ತು, ಯಾವಾಗ ಸಡಲಾಯ್ತು, ಅವ ಹ್ಯಾಂಗ ತೋರಿಸ್ಯಾನು? ಇದ್ದವ ಹೇಳಬೇಕು, ಇಲ್ಲದವ ಅಲ್ಲ.

ಆದರೂ ನನ್ನ ಮನಸ್ಸಿಗೆ ಕಾಯಿದೆಯ ಅಳತಿ ಒಂದು ಬೆರಳು ಕಡಿಮಿ ಬೀಳ್ತದ. ತನ್ನ ವಸ್ತು ಹಾಳು ಮಾಡಿಕೊಂಡವ ತನಗ ತಾನೇ ಕ್ಷಮಾ ಮಾಡಿಕೋಬಹುದು. ಪರರ ವಸ್ತು ಹಾಳು ಮಾಡಿದವನಿಗೆ ಆ ಅಧಿಕಾರ ಇಲ್ಲ, ಕ್ಷಮಾ ಮಾಡೋ ಮಾತು ಈಗ ಇನ್ನೊಬ್ಬರ ಕೈಯಾಗ ಅದ. ಅದಕ್ಕ ಪರರದನ್ನು ನಮ್ಮದಕ್ಕಿಂತ ಒಂದು ಗಂಟು ಹೆಚ್ಚು ಹಾಕಿ ಕಟ್ಟಬೇಕು. ಹಳೇ ಮಂದಿ ಕಡ ತಂದ ಕೊಳಗವನ್ನು ತಿಕ್ಕಿ ತೊಳೆದು, ಬರಿದು ಕೊಡಬಾರದು ಅಂತ ಒಂದು ಹಿಡಿ ಕಾಳು ಹಾಕಿ ಕೊಡ್ತಿದ್ದರು. ತಮ್ಮ ಕೊಳಗ ಹಂಗ ತಿಕ್ಕತಿರಲಿಲ್ಲ.

ಇನ್ನು ಹಾದಿಯ ಮಾತು. ಚಿಂಚೋಳಿ ಬಿಟ್ಟು ಸೋಲಾಪುರ ಮುಟ್ಟೋದರೊಳಗೇ ಡ್ರೈವರ್ ಬಾಜೂಕ ತಗೊಂಡು ನಿಲ್ಲಿಸಿದ. ಏನೂ ಆಗಿರಲಿಲ್ಲ, ಸದ್ದೂ ಬಂದಿರಲಿಲ್ಲ. ಹಿಂದ ಹತ್ತಿ ಪಟ್ಟಾ ಬೆರಳಿನಿಂದ ತಟ್ಟಿ ನೋಡಿದ. ಬಲಗಡೆಯದು ಸ್ವಲ್ಪ ಸಡಲಾಗಿತ್ತು. ಎರಡು ಹಲ್ಲು ಏರಿಸಿದ. ಕಟ್ಟಿದವನ ಕೈ ಕಚ್ಚಾ ಇತ್ತು ಅಂತಲ್ಲ. ಗಾಡಿ ನಡುಗಿದಾಗ ಬಟ್ಟಿ ಒತ್ತಿ ಕೂಡ್ತದ, ಗಾಲಿ ತನ್ನ ಜಾಗ ಹುಡಿಕಿಕೊಳ್ತದ, ಪಟ್ಟಾದ ನೇಯ್ಗಿ ಎಳೀತದ. ಹೊಸ ಗಂಟು ಮೊದಲ ಹತ್ತಿಪ್ಪತ್ತು ಕಿಲೋಮೀಟರಿನಾಗ ಸಡಲಾಗೋದು ಗಂಟಿನ ಸ್ವಭಾವ. ಕುಂಭಾರಿ ದಾಟಿದ ಮ್ಯಾಲ ಮತ್ತೊಮ್ಮೆ ನೋಡಿದ, ಆಗ ಸರಿ ಇತ್ತು. ವಳಸಂಗದಾಗ ಚಹಾಕ್ಕ ನಿಂತಾಗ ಕೈಯಿಂದ ಮುಟ್ಟಿ ಬಂದ, ಅಷ್ಟೇ.

ಮಾತು ಕೊಟ್ಟವರು ಇದನ್ನ ಮರೀತಾರ. ಲಗ್ನ ಆಯ್ತು, ತಾಳಿ ಕಟ್ಟಿತು, ಇನ್ನ ಮುಗೀತು ಅಂತಾರ. ಪಾಲುದಾರಿಕಿ ಮಾಡಿದಾಗ ಒಮ್ಮೆ ಕಾಗದ ಬರೆದು ಪೆಟಗಿಯೊಳಗ ಇಡ್ತಾರ. ಅಣ್ಣತಮ್ಮಂದಿರು ಪಾಲಾದಾಗ ಅವ್ವನನ್ನು ಯಾರು ನೋಡಬೇಕು ಅಂತ ಪಂಚರ ಮುಂದ ಒಪ್ಪಿ ಎದ್ದು ಬರ್ತಾರ. ಬದುಕಿನ ಹಾದಿ ನಡುಗಿಸ್ತದ. ನಡುಗಿದ ಮ್ಯಾಲ ಗಂಟು ಸಡಲಾಗ್ತದ, ಯಾರ ತಪ್ಪೂ ಇರೂದಿಲ್ಲ. ನಿಂತು ನೋಡದೇ ಇದ್ದದ್ದು ಮಾತ್ರ ತಪ್ಪು. ಅವ್ವನ ಔಷಧಿ ತೀರಿತೇನು ಅಂತ ತಿಂಗಳಿಗೊಮ್ಮೆ ಕೇಳೋದು ಪಟ್ಟಾ ತಟ್ಟಿ ನೋಡಿದಂಗ. ಅದಕ್ಕ ಎರಡು ನಿಮಿಷ ಬೇಕು. ಎರಡು ಹಲ್ಲು ಏರಿಸಿದರ ಸಾಕಾಗ್ತದ, ಮೊದಲಿಂದ ಕಟ್ಟೋ ಗರಜಿಲ್ಲ.

ಎರಡು ಕಡೆ ಎಳೆಯೋದರ ಬಗ್ಗೆ ಒಂದು ಮಾತು. ಒಂದೇ ಪಟ್ಟಾದಿಂದ ಗಾಡಿ ನಿಂದ್ರೂದಿಲ್ಲ, ಎಳೆದತ್ತ ಬೀಳ್ತದ. ಎಡಕ್ಕೊಂದು, ಬಲಕ್ಕೊಂದು ಸಮಸಮ ಎಳೆದಾಗ ನಡುವ ನೆಟ್ಟಗ ನಿಂದ್ರತದ. ನಮ್ಮ ಅಕ್ಕಲಕೋಟದವರಿಗೆ ಇದು ಬ್ಯಾರೆ ಹೇಳಬೇಕಾಗಿಲ್ಲ. ನಮ್ಮ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕ ಕೂಡಿತು. 1956ರಲ್ಲಿ ಭಾಷಾ ಪ್ರಕಾರ ರಾಜ್ಯ ಮಾಡಿದಾಗ ನಾವು ಮುಂಬಯಿಯೊಳಗೇ ಉಳಿದಿವಿ, 1960ರಲ್ಲಿ ಮಹಾರಾಷ್ಟ್ರ ಆಯ್ತು. ಮನಿಯೊಳಗ ಕನ್ನಡ, ಕಚೇರಿಯೊಳಗ ಮರಾಠಿ. ಭಜನಿಯೊಳಗ ಒಂದು ಪದ ಕನ್ನಡದ್ದು, ಮುಂದಿನದು ಮರಾಠಿ ಅಭಂಗ. ಎರಡು ಕಡೆಯ ಎಳೆತ ಇರೋದರಿಂದ ಹರಿದು ಹೋದೆವು ಅಂತ ಕೆಲವರು ಅಂತಾರ. ಒಂದೇ ಕಡೆ ಜೋರು ಮಾಡಿದಾಗ ಮಾತ್ರ ವಾಲ್ತೇವಿ ಅಂತ ನಾನು ಅಂತೀನಿ. ಸಾಲಿಯೊಳಗ ಕನ್ನಡ ಪಟ್ಟಾ ಸಡಲಾಗ್ಯದ ಅನ್ನೋದೂ ಖರೆ, ಅದನ್ನ ಎರಡು ಹಲ್ಲು ಏರಿಸಬೇಕು. ಮರಾಠಿ ಪಟ್ಟಾ ಕೊಯ್ಯೋ ಗರಜಿಲ್ಲ.

ಬಿಚ್ಚೋದರಾಗೂ ನೀತಿ ಅದ. ಊರಿಗೆ ಬಂದ ಮ್ಯಾಲ ಹುಡುಗನ ಅಪ್ಪ ಅವಸರದಿಂದ ಎಡಗಡೆಯ ಪಟ್ಟಾಕ್ಕ ಕೈ ಹಾಕಿದ. ಡ್ರೈವರ್ ತಡೆದ. ಒಂದು ಕಡೆಯದನ್ನ ಒಮ್ಮೆಲೇ ಬಿಟ್ಟರ, ಇನ್ನೊಂದು ಕಡೆಯ ಬಿಗಿತವೇ ಗಾಡಿಯನ್ನು ಕೆಡವ್ತದ. ಇಷ್ಟು ಹೊತ್ತು ಕಾಯ್ದ ಪಟ್ಟಾವೇ ಈಗ ಬೀಳಿಸ್ತದ. ಒಬ್ಬ ಗಾಡಿ ಹಿಡಕೊಂಡು ನಿಂದ್ರಬೇಕು, ಎರಡೂ ಕಡೆ ಸ್ವಲ್ಪ ಸ್ವಲ್ಪ ಸಡಲ ಮಾಡಬೇಕು. ಸಂಬಂಧ ಬಿಚ್ಚೋವಾಗ, ಪಾಲು ಮಾಡೋವಾಗ, ಕೆಲಸ ಬಿಡೋವಾಗ ಮಂದಿ ಎಷ್ಟು ಸಲ ಒಂದೇ ಕಡೆ ಚಾಕು ಹಾಕ್ತಾರ! ಅಣ್ಣ ತನ್ನ ಕಡೆಯದನ್ನ ಕೊಯ್ದುಕೊಂಡು ಹೋಗ್ತಾನ, ನಡುವ ನಿಂತ ಮುದುಕಿ ತಮ್ಮನ ಮ್ಯಾಲ ಬೀಳ್ತಾಳ. ನಮ್ಮ ಹಿರಿಯರು ದನಕ್ಕ ಜೀರಗುಣಿಕಿ ಹಾಕೋದು ಕಲಿಸಿದ್ದರು. ದನ ಜಗ್ಗಿದರ ಬಿಚ್ಚೂದಿಲ್ಲ, ಮನುಷ್ಯ ತುದಿ ಹಿಡಿದು ಎಳೆದರ ಒಮ್ಮೆಲೇ ಬಿಚ್ಚತದ. ಕೊಟ್ಟಿಗಿಗೆ ಬೆಂಕಿ ಬಿದ್ದಾಗ ಬಿಚ್ಚಲಿಕ್ಕೆ ಬರದ ಗಂಟು ಹಾಕಿದವ ದನ ಕಾಯ್ದವ ಅಲ್ಲ. ಕಟ್ಟೋವಾಗಲೇ ಬಿಚ್ಚೋದನ್ನು ವಿಚಾರ ಮಾಡಿದವನ ಗಂಟು ಒಳ್ಳೇ ಗಂಟು.

ಹಿಂಗೆಲ್ಲ ಹೇಳಿದಾಗ ಯಾರಾದರೂ ಒಂದು ತಕರಾರು ತೆಗೀಬಹುದು, ಅದಕ್ಕ ಉತ್ತರ ಕೊಡದೇ ಮುಗಿಸೋದು ಸರಿ ಅಲ್ಲ. ಪಿಕಪ್ ಡ್ರೈವರಿಗೆ ಬಾಡಿಗಿ ಕೊಡೋದು ಖೇಪಿನ ಲೆಕ್ಕದಾಗ. ಇವತ್ತು ಮೂರು ಖೇಪು ಹೊಡೆದರ ಡೀಸೆಲ್ಲು, ಕಂತು ಹೋಗಿ ಮನಿಗೇನಾದರೂ ಉಳೀತದ. ಕಟ್ಟಲಿಕ್ಕೆ ಅರ್ಧ ತಾಸು, ನಿಂತು ನೋಡಲಿಕ್ಕೆ ಮೂರು ಸಲ, ಬಿಚ್ಚಲಿಕ್ಕೆ ಮತ್ತ ಕಾಲು ತಾಸು. ಇದಕ್ಕ ಯಾರು ರೊಕ್ಕ ಕೊಡ್ತಾರ? ಒಳ್ಳೇ ಪಟ್ಟಾ ರೊಕ್ಕ ಕೊಟ್ಟು ತರಬೇಕು, ಸೈಕಲ್ಲಿನ ಹಳೇ ಟ್ಯೂಬು ಪುಕ್ಕಟ ಸಿಗ್ತದ. ಟ್ಯೂಬಿನಿಂದ ಕಟ್ಟಿದರ ರಬ್ಬರು ಹಿಗ್ಗತದ, ಗುಂಡಿ ಬಂದಾಗ ಗಾಡಿ ಕುಣೀತದ ಅಂತ ಅವನಿಗೂ ಗೊತ್ತು. ಆದರ ಅಗ್ಗದ ಬಾಡಿಗಿ ಹುಡುಕೋ ನಾವೇ ಅವನ ಕೈಗೆ ಟ್ಯೂಬು ಕೊಟ್ಟಂಗ ಆಯ್ತಲ್ಲ? ನೂರು ರೂಪಾಯಿ ಕಡಿಮಿ ಮಾಡಿಸಲಿಕ್ಕೆ ಅರ್ಧ ತಾಸು ಜಗ್ಗಾಡಿದವರು, ಗಂಟು ಬಿಗಿಯಾಗಿ ಬೀಳಲಿ ಅಂತ ಐದು ನಿಮಿಷ ನಿಂದ್ರೂದಿಲ್ಲ.

ಆದ್ದರಿಂದ ಹೊಣಿ ಡ್ರೈವರ್ ಒಬ್ಬನದೇ ಅಂತ ನಾನು ಬರೆಯೂದಿಲ್ಲ. ಕಾಯಿದೆ ಒಬ್ಬನ ಮ್ಯಾಲ ಹೊರಿಸ್ತದ, ಅದು ಕೋರ್ಟಿನ ಅನುಕೂಲಕ್ಕ. ಕೆಲಸದ ಜಾಗದಾಗ ನೋಡಿದರ ಮೋಟಾರ್‌ಸೈಕಲ್ ಕಟ್ಟೋದು ಒಬ್ಬನಿಂದ ಆಗೋ ಕೆಲಸವೇ ಅಲ್ಲ. ಒಬ್ಬ ಪಟ್ಟಾ ಬಿಗೀಬೇಕು, ಇನ್ನೊಬ್ಬ ಗಾಡಿ ನೆಟ್ಟಗ ಹಿಡಕೊಂಡು ನಿಂದ್ರಬೇಕು. ಹಿಡಿದವನ ಕೈ ವಾಲಿದರ ಬಿಗಿದವನ ಲೆಕ್ಕ ತಪ್ಪತದ. ನಮ್ಮ ಸಾಮಾನು ಹೇರೋವಾಗ ನಾವು ದೂರ ನಿಂತು ಇನ್ನೂ ಬಿಗಿ, ಇನ್ನೂ ಬಿಗಿ ಅಂತ ಒದರೋದು ಬಿಟ್ಟು, ಹತ್ತಿರ ಹೋಗಿ ಹ್ಯಾಂಡಲ್ ಹಿಡೀಬೇಕು. ಹಿಡಿದಾಗ ತಿಳೀತದ ಎಷ್ಟು ತೂಕ ಅದ, ಎಷ್ಟು ಬಿಗಿತ ಸಾಕು ಅಂತ. ಹಾದಿಯೊಳಗ ಅವ ನಿಲ್ಲಿಸಿದಾಗ ಯಾಕ ತಡ ಮಾಡ್ತೀ ಅನ್ನಬಾರದು. ಊರು ಮುಟ್ಟಿದ ಮ್ಯಾಲ ಮಾತಾಡಿದ ಬಾಡಿಗಿಯ ಜೋಡಿ ಆ ಅರ್ಧ ತಾಸಿನದೂ ಸ್ವಲ್ಪ ಸೇರಿಸಿ ಕೊಡಬೇಕು, ಪಟ್ಟಾ ಮಡಚಲಿಕ್ಕೆ ಕೈ ಹಚ್ಚಬೇಕು, ಊಟದ ಹೊತ್ತಾಗಿದ್ದರ ಎರಡು ರೊಟ್ಟಿ ಹಾಕಬೇಕು.